ಚಮಚ ನಿಲ್ಲುವ ನೊರೆ

ಯಾದ್ವಿಗಾ ಹನ್ನೊಂದು ವರ್ಷ ಒಂದೇ ದ್ರಾವಣದ ಹಿಂದೆ ಬಿದ್ದಿದ್ದಳು. ನಮ್ಮ ಪೊಟ್ಯಾಷ್ ಅದಿರಿನಲ್ಲಿ ಜೇಡಿಕೆಸರು ಜಾಸ್ತಿ. ಅದನ್ನು ಮೊದಲು ನೊರೆಯ ಜೊತೆ ಮೇಲೆತ್ತಿ ತೆಗೆಯದಿದ್ದರೆ, ಉಪ್ಪು ಬೇರ್ಪಡಿಸಲು ಆಮೇಲೆ ಹಾಕುವ ದುಬಾರಿ ರಾಸಾಯನಿಕವನ್ನೆಲ್ಲ ಅದೇ ಕುಡಿದು ಕೂರುತ್ತದೆ. ಕೆಸರೆತ್ತುವ ಆ ನೊರೆಗೆಂದೇ ಅವಳ ದ್ರಾವಣ. ಮಕ್ಕಳಿಲ್ಲದವಳಿಗೆ ಬಾಟಲಿಯೇ ಮಗು ಎಂದು ಲ್ಯಾಬಿನಲ್ಲಿ ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡವಳೇ.

ಜನವರಿಯಲ್ಲಿ ಮಿನ್ಸ್ಕ್‌ನಿಂದ ಪರೀಕ್ಷಾ ಸಮಿತಿ ಬರುವ ಹೊತ್ತಿಗೆ ಅವಳು ಆಸ್ಪತ್ರೆ ಸೇರಿದ್ದಳು. ಹೊಟ್ಟೆಯಲ್ಲಿ ಗೆಡ್ಡೆ, ಇನ್ನು ವಾರವೋ ಹತ್ತು ದಿನವೋ ಅಂದಿದ್ದರು. ಕೆಲಸ ನನ್ನ ತಲೆಗೆ ಬಂತು. ನಿಯಮದಂತೆ ಬಾಟಲಿಯನ್ನು ತಣ್ಣನೆಯ ಉಗ್ರಾಣದಲ್ಲಿ ಬೀಗ ಹಾಕಿಟ್ಟು, ಬೆಳಿಗ್ಗೆ ತಂದು, ಅದಿರು ಕಲಸಿದ ಉಪ್ಪುನೀರಿಗೆ ಅಳತೆ ತಪ್ಪದೆ ಹಾಕಿದೆ. ತೆಳ್ಳನೆಯ ನೀರುನೊರೆ ಬಂತು, ಕೆಸರು ತಳ ಬಿಡಲಿಲ್ಲ. ನಾಳೆ ಸಂಜೆಯವರೆಗೆ ಊರಿನಲ್ಲೇ ಇರುತ್ತೇವೆ, ಎಲ್ಲಿ ತಪ್ಪಿತೆಂದು ಗೊತ್ತಾದರೆ ಇನ್ನೊಮ್ಮೆ ನೋಡೋಣ ಎಂದರು ಸಮಿತಿಯವರು. ನನಗೇನು ಗೊತ್ತು?

ಆ ಸಂಜೆ ಅವಳನ್ನು ನೋಡಲು ಹೋದೆ. ದಿಂಬಿಗಿಂತ ಮುಖವೇ ಬೆಳ್ಳಗಿತ್ತು.

"ನೊರೆ ಹೆಂಗಿತ್ತೇ?" ಎಂದಳು.

"ದಪ್ಪಗಿತ್ತು ಕಣೇ. ಒಳ್ಳೇ ಕಂದು. ಚಮಚ ನೆಟ್ರೆ ನಿಲ್ಲೋ ಹಂಗಿತ್ತು."

ಯಾದ್ವಿಗಾ ಕಣ್ಣು ಮುಚ್ಚಿ ನಕ್ಕಳು. "ಹಂಗಾದ್ರೆ ನಾನು ಹೇಳಬೇಕಾದ್ದು ಏನೂ ಇಲ್ಲ ಬಿಡು."

ಒಳ್ಳೆಯದನ್ನೇ ಮಾಡಿದೆ ಎಂದುಕೊಂಡು ಮನೆಗೆ ಬಂದೆ. ಮರುದಿನ ಸಮಿತಿಯವರು ದ್ರಾವಣ ಬೇಡವೆಂದು ಬರೆದು ಸಹಿ ಹಾಕಿ ಹೋದರು. ಗುರುವಾರ ಅವಳು ತೀರಿಕೊಂಡಳು.

ಒಂಬತ್ತನೆಯ ದಿನ ಅವಳ ಮೇಜು ಖಾಲಿ ಮಾಡುತ್ತಿದ್ದೆವು. ನೆಲ ಒರೆಸುವ ಮರಿಲ್ಯಾ ಅವಳ ಸ್ವೆಟರ್ ಹಿಡಿದುಕೊಂಡು ಅತ್ತಳು.

"ಚಾ ಕುಡಿಯೋವಾಗ ದಿನಾ ಆ ಬಾಟಲೀನ ಇದರೊಳಗೆ ಕಂಕುಳಲ್ಲಿ ಇಟ್ಕೋತಿದ್ಲಮ್ಮ. ಥಂಡಿ ಆದ್ರೆ ಇದು ಹಟ ಹಿಡಿಯುತ್ತೆ ಅಂತಿದ್ಲು."

ಅವಳ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಕಂಕುಳಿನ ಅಭ್ಯಾಸವನ್ನು ಯಾರು ಬರೆದಿಡುತ್ತಾರೆ? ನೀರುನೊರೆ ಬಂತು ಎಂದು ನಿಜ ಹೇಳಿದ್ದರೆ ಸಾಕಿತ್ತು, ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು. ಆ ಮಾತು ಅವಳ ಬಾಯಿಗೆ ಬರದಂತೆ ಮಾಡಿದವಳು ನಾನು.

ಆ ಸ್ವೆಟರನ್ನೇ ಹಾಕಿಕೊಂಡು, ಬಾಟಲಿಯನ್ನು ಕಂಕುಳಲ್ಲಿಟ್ಟು ಒಂದು ಲೋಟ ಚಹಾ ಕುಡಿದೆ. ಆಮೇಲೆ ಹಾಕಿದೆ. ನೊರೆ ದಪ್ಪಗೆ, ಒಳ್ಳೆ ಕಂದು ಬಣ್ಣಕ್ಕೆ ಉಕ್ಕಿ ಬಂತು. ಕೆಳಗೆ ನೀರು ತಿಳಿಯಾಯಿತು. ಮರಿಲ್ಯಾಳ ಕೈಯಿಂದ ಚಮಚ ಇಸಿದುಕೊಂಡು ನೆಟ್ಟೆ.

ನಿಂತಿತು.