ಒರೆಸದೆ ಉಳಿದ ಅಂಚು

ಗಾಜನ್ನೂ ಹತ್ತುತ್ತವೆ ಈ ಹಾಳು ವುಡಿಗಳು, ಬೂದು ಬಣ್ಣದ ಪುಟ್ಟ ಜಿರಳೆಗಳು, ಓತಿಯ ಮೇವಿಗೆಂದು ಅಂಗಡಿಯ ಡೆಸ್ಮಂಡ್ ಕೊಟ್ಟ ಡಬ್ಬಿಯಲ್ಲಿ ಒಂದರ ಬೆನ್ನ ಮೇಲೊಂದು ಏರಿ ಮುಚ್ಚಳಕ್ಕೆ ಮೀಸೆ ತಾಗಿಸುತ್ತಿವೆ, ಷೆಡ್ಡಿನ ತಗಡು ಬಿಸಿಲಿಗೆ ಟಪ್ ಟಪ್ ಎನ್ನುತ್ತಿದೆ, ಪಕ್ಕದ ಡಬ್ಬಿಯಲ್ಲಿ ಇನ್ನೊಂದು ಜಾತಿ, ಅಂಗೈ ತುಂಬುವ ಕಂದು ಜಿರಳೆಗಳ ಜೋಡಿ, ಇವಕ್ಕೆ ಗೋಡೆ ಹತ್ತಲು ಬಾರದು, ಮಣ್ಣಿನಲ್ಲಿ ಬಿಲ ತೋಡಿ ಮರಿಗಳನ್ನು ತಿಂಗಳುಗಟ್ಟಲೆ ಜೊತೆಗಿಟ್ಟುಕೊಳ್ಳುತ್ತದಂತೆ ತಾಯಿ — ನನಗಿಂತ ವಾಸಿ. ಎರಡೂ ತಗೊಂಡ್ಹೋಗಮ್ಮ, ಬೇಡದ್ದು ವಾಪಸ್ ತಾ, ಆದ್ರೆ ಆ ದೊಡ್ಡದು ಬೆಳೆಯೋಕೆ ವರ್ಷಗಳೇ ಬೇಕು, ಅಷ್ಟರಲ್ಲಿ ನಿನ್ನ ಓತಿ ಗೋರಿ ಸೇರಿರತ್ತೆ ಅಂದ, ಅಂದವನೇ ನಾಲಿಗೆ ಕಚ್ಚಿಕೊಂಡ, ಈಗ ಊರಿನವರೆಲ್ಲ ನನ್ನೆದುರು ಹೀಗೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಓತಿ ನನ್ನದಲ್ಲ, ಬ್ರಯೊನಿಯದು, ಗಡ್ಡದ ಓತಿ, ಹೆಸರು ಗಸ್, ಮಗಳು ಬಿಟ್ಟುಹೋದ ಒಂದೇ ಜೀವ, ಬಾಲದ ಬುಡದಲ್ಲಿ ಮೂಳೆ ಎದ್ದಿದೆ, ಸೊಪ್ಪು ಹಾಕಿದರೆ ಮುಖ ತಿರುಗಿಸುತ್ತದೆ, ಥೇಟ್ ಅವಳೇ, ಆ ಬೆಳಿಗ್ಗೆಯಂತೆ — ಒಂದು ವುಡಿ ಹೊರಗೆ ಬಂದಿದ್ದಕ್ಕೆ ಊರೇ ಮುಳುಗ್ತಾ ಅಮ್ಮ? ಒಂದಲ್ಲ ಕಣೇ, ನನ್ನ ಟೋಸ್ಟರಲ್ಲಿ ನಾಲ್ಕಿವೆ, ಅವು ಜಾರೋ ಹಾಗೆ ತೊಟ್ಟಿ ಅಂಚಿಗೆ ವ್ಯಾಸಲೀನ್ ಬಳಿಯೋಕೂ ಮೈಗಳ್ಳತನ, ಇಲ್ಲ ಅವು ಇರ್ಬೇಕು ಇಲ್ಲ ನೀನು. ಬಳ್ದೇ ಹೋಗ್ತೀನಿ ಬಿಡು. ಬಳಿದೇ ಹೋದಳು. ಹೆದ್ದಾರಿಯಲ್ಲಿ ಎದುರಿಗೆ ದನದ ಲಾರಿ, ಆಸ್ಪತ್ರೆಗೆ ಹೋಗುವಷ್ಟೂ ಹೊತ್ತಿರಲಿಲ್ಲ ಎಂದರು, ನಾನು ಕೊನೆಯದಾಗಿ ಹೇಳಿದ್ದು ಅದೇ, ಇಲ್ಲ ಅವು ಇಲ್ಲ ನೀನು, ಆಮೇಲೆ ಎರಡು ತಿಂಗಳು ಷೆಡ್ಡಿಗೆ ಕಾಲಿಡಲಿಲ್ಲ, ಅವಳ ವುಡಿಗಳೆಲ್ಲ ನೀರಿಲ್ಲದೆ ಒಣಗಿ ಸತ್ತವು, ಅವೂ ಇಲ್ಲ, ಅವಳೂ ಇಲ್ಲ.

ಅವಳ ತೊಟ್ಟಿ ಇದು, ಸತ್ತವನ್ನು ಗುಡಿಸಿ ತೆಗೆದೆ, ಅವು ಅಡಗಲು ಮೊಟ್ಟೆಯ ರಟ್ಟು ಹೊಸದು ಇಟ್ಟೆ, ಅಂಚು ನೋಡಿದೆ — ಒಳಬದಿಗೆ ಸುತ್ತ ವ್ಯಾಸಲೀನ್, ಆ ಬೆಳಿಗ್ಗೆಯದು, ಅದರಲ್ಲಿ ಅವಳ ಬೆರಳು ಎಳೆದ ಗೆರೆ, ಚರ್ಮದ ಸುಕ್ಕೂ ಮೂಡಿದೆ. ಅದರ ಮೇಲೆ ಧೂಳು ಕೂತಿದೆ, ಧೂಳು ಕೂತ ವ್ಯಾಸಲೀನ್ ಮೇಲೆ ವುಡಿಗಳು ಸಲೀಸಾಗಿ ನಡೆದುಬರುತ್ತವೆ, ಒರೆಸಿ ಹೊಸದು ಬಳಿಯಬೇಕು, ಅದು ನಿಯಮ. ದೊಡ್ಡವನ್ನು ಸಾಕಿದರೆ ಅಂಚನ್ನು ಮುಟ್ಟಬೇಕಾಗಿಯೇ ಇಲ್ಲ, ಗೆರೆ ಹಾಗೇ ಇರುತ್ತದೆ, ಆದರೆ ಗಸ್ ಇರುವುದಿಲ್ಲ, ಅಯ್ಯೋ, ಯಾವುದನ್ನು ಉಳಿಸಿಕೊಳ್ಳಲಿ ಮಗಳೇ, ಮನೆಯೊಳಗೆ ಗಸ್ ಕಣ್ಣು ಮುಚ್ಚಿ ದೀಪದಡಿ ಮಲಗಿದೆ, ಬಟ್ಟೆ ತೆಗೆದುಕೊಂಡೆ, ಒಂದು ಬದಿ ಒರೆಸಿದೆ, ಬಳಿದೆ, ಎರಡು, ಮೂರು, ನನ್ನ ಬೆರಳು ದಪ್ಪ, ಗೆರೆ ಅಡ್ಡಾದಿಡ್ಡಿ, ನಾಲ್ಕನೆಯ ಬದಿ ಒರೆಸಲಿಲ್ಲ — ಅಲ್ಲಿಂದ ಹತ್ತಿ ಬರುತ್ತವೆ, ಬರಲಿ, ಮನೆ ತುಂಬ ಓಡಾಡಲಿ, ನಾನು ಬಾಯಿಬಿಡುವುದಿಲ್ಲ, ಡಬ್ಬಿಯ ಮುಚ್ಚಳ ತೆಗೆದು ವುಡಿಗಳನ್ನು ತೊಟ್ಟಿಗೆ ಸುರಿದೆ — ಬಟ್ಟೆ ಇನ್ನೂ ಕೈಯಲ್ಲಿದೆ, ಅವಳ ಗೆರೆ, ಮೂಲೆಯವರೆಗೆ ನೇರ, ಮೂಲೆಯಲ್ಲಿ ಕೋಪದಿಂದ ಒತ್ತಿದ ಬೆರಳು, ಬೆರಳು ಎತ್ತಿದ ಜಾಗ, ಎತ್ತಿದ ಜಾಗ