ಬರೆಯದ ಗುರುವಾರಗಳು

ಶವಪೆಟ್ಟಿಗೆಯ ಹಿಡಿಗೆ ಡಾಕ್ಟರ್ ಲಿಂಡ್ ಕೈ ಹಾಕಿದ್ದೇ ತಡ, ತೀರಿಕೊಂಡ ಇರ್ಮಾಳ ಮಗಳು ಮಾರ್ಲಾ ಅಡ್ಡ ಬಂದಳು.

"ನೀವು ಬೇಡ ಡಾಕ್ಟ್ರೇ. ಅಮ್ಮ ಹಾಸಿಗೆ ಹಿಡಿದಾಗ ಒಂದ್ಸಲನಾದ್ರೂ ಇಣುಕಿ ನೋಡಿದ್ರಾ?"

"ಪ್ರತಿ ಗುರುವಾರ ಬರ್ತಿದ್ದೆ ಕಣಮ್ಮ."

"ಕ್ಲಿನಿಕ್ಕಿಂದ ಅಮ್ಮನ ಫೈಲು ತರಿಸಿ ನೋಡ್ದೆ. ನೀವು ಬಂದದ್ರ ಬಗ್ಗೆ ಒಂದು ಸಾಲೂ ಇಲ್ಲ. ಬರೀದೇ ಇದ್ದದ್ದು ನಡೆದೇ ಇಲ್ಲ ಅಂತ ಅಮ್ಮನೇ ಹೇಳ್ತಿದ್ಲಲ್ಲ!"

ಡಾಕ್ಟರು ಕೈ ತೆಗೆದರು. ನೆಬ್ರಾಸ್ಕದ ಆ ಪುಟ್ಟ ಊರಿನ ಅವರ ಕ್ಲಿನಿಕ್ಕಿನಲ್ಲಿ ಬಿಲ್ಲು ಮಾಡುತ್ತಲೇ ಇರ್ಮಾಳ ಕೂದಲು ನರೆತಿತ್ತು. "ಕಾಲು ನೋವು ಅಂತ ಗೀಚಿದ್ರೆ ಸಾಕಾ? ಯಾವ ಕಾಲು? ಏನು ನೋಡಿದ್ರಿ? ಮಾಡಿದ್ದನ್ನ ಬರೀರಿ. ಮಾಡದ್ದನ್ನ ಬರೆದ್ರೋ, ನಾನಂತೂ ಬಿಲ್ಲು ಕಳಿಸೋಳಲ್ಲ," ಎಂದು ಡಾಕ್ಟರನ್ನೇ ಗದರುತ್ತಿದ್ದಳು. ವಿಮೆಯವರಿಗಿಂತ ಇವಳನ್ನು ಕಂಡರೇ ಡಾಕ್ಟರಿಗೆ ಭಯ.

ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವ ಲಕ್ಷಣವಿರಲಿಲ್ಲ. ಪಕ್ಕದ ಮನೆಯ ಅಗ್ನೆಸ್ ಪಿಸುಗುಟ್ಟಿದಳು: "ಇರ್ಮಾ ಇದ್ದಿದ್ರೆ, ಶುರು ಎಷ್ಟೊತ್ತಿಗೆ, ಮುಗಿದದ್ದು ಎಷ್ಟೊತ್ತಿಗೆ ಅಂತ ಇವರ ಹತ್ರನೂ ಬರೆಸ್ಕೊಳ್ತಿದ್ಲು."

ಮಾರ್ಲಾ ನಗಲಿಲ್ಲ. ಅವಳು ಸಿಯಾಟಲ್‌ನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಬೇಕಿದ್ದದ್ದು ಡಾಕ್ಟರ ತಪ್ಪಲ್ಲ, ಅಮ್ಮ ಒಂಟಿಯಾಗಿರಲಿಲ್ಲ ಎಂಬುದಕ್ಕೆ ಒಂದು ಪುರಾವೆ.

* * *

ಇರ್ಮಾ ಹಾಸಿಗೆ ಹಿಡಿದಿದ್ದ ಆ ಚಳಿಗಾಲದ ಗುರುವಾರವೊಂದರಲ್ಲಿ ಡಾಕ್ಟರು ಅವಳ ಮಂಚದ ಪಕ್ಕ ಕುಳಿತು ಪೆನ್ನು ತೆಗೆದಿದ್ದರು.

"ಏನು ಬರೀತೀರಿ?"

"ಮನೆಗೆ ಬಂದು ನೋಡಿದೆ ಅಂತ."

"ನಾಡಿ ಹಿಡಿದ್ರಾ? ಎದೆ ನೋಡಿದ್ರಾ? ಇಸ್ಪೀಟಾಡಿದ್ರಿ, ಸೋತ್ರಿ. ಅದಕ್ಕೆಲ್ಲ ಬಿಲ್ಲಿಲ್ಲ. ಪೆನ್ನು ಒಳಗಿಡಿ."

"ಹಾಗಾದ್ರೆ ನಾನು ಬಂದೇ ಇಲ್ಲ ಅಂತಾಯ್ತಲ್ಲ ಇರ್ಮಾ."

"ಡಾಕ್ಟರ್ ಬಂದಿಲ್ಲ," ಎಂದು ನಕ್ಕಳು. "ಸ್ನೇಹಿತ ಬಂದಿದಾನೆ. ಎಲೆ ಹಂಚಿ."

* * *

ಮಣ್ಣು ಮುಗಿಸಿ ಎಲ್ಲರೂ ಇರ್ಮಾಳ ಮನೆಗೆ ಬಂದರು. ಅಗ್ನೆಸ್ ತಂದ ಕೊಲಾಚಿ ಎಂಬ ಸಿಹಿ ಬನ್ನುಗಳ ತಟ್ಟೆ ಖಾಲಿಯಾಗುತ್ತಿತ್ತು, ಆದರೆ ಕಾಫಿ ಇರಲಿಲ್ಲ. ಅಡುಗೆಮನೆಯಲ್ಲಿ ಮಾರ್ಲಾ ಬೀರುಗಳ ಬಾಗಿಲನ್ನೆಲ್ಲ ತೆರೆದು ಹುಡುಕುತ್ತಿದ್ದಳು. ಬೆಳಿಗ್ಗೆಯಿಂದ ತಡೆದಿದ್ದ ಅಳು ಈಗ ಕಾಫಿಪುಡಿಯ ನೆಪದಲ್ಲಿ ಬಂದೇಬಿಟ್ಟಿತು.

ಹೋಗಿಬರುತ್ತೇನೆ ಎನ್ನಲು ಒಳಗೆ ಬಂದ ಡಾಕ್ಟರು ಅದನ್ನು ನೋಡಿದರು. ಒಲೆಯ ಕೆಳಗೆ ಬಗ್ಗಿ, ಬಾಣಲೆಗಳ ಡ್ರಾಯರನ್ನು ಕೊಂಚ ಮೇಲೆತ್ತಿ ಎಳೆದರು. ದೊಡ್ಡ ಪಾತ್ರೆಯ ಮುಚ್ಚಳ ಸರಿಸಿ, ಅದರೊಳಗಿದ್ದ ಕಾಫಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಡ್ರಾಯರಿಗೆ ಮಂಡಿಯಿಂದ ಒಂದು ಗುದ್ದು ಕೊಟ್ಟು ಮುಚ್ಚಿದರು.

"ಅದು ಅಲ್ಲಿದೆ ಅಂತ ನಿಮಗೆ ಹೇಗೆ..." ಮಾರ್ಲಾಳ ಮಾತು ಅರ್ಧಕ್ಕೇ ನಿಂತಿತು.

ಡಾಕ್ಟರು ಟೊಪ್ಪಿ ಹಾಕಿಕೊಂಡು ಬಾಗಿಲ ಕಡೆ ತಿರುಗಿದರು. ಮಾರ್ಲಾ ಕಣ್ಣೊರೆಸಿಕೊಂಡು ಎರಡು ಕಪ್ಪು ಇಳಿಸಿದಳು. ಕುರ್ಚಿಯೊಂದನ್ನು ಕಾಲಿನಿಂದ ಅವರತ್ತ ತಳ್ಳಿದಳು.