ತವರಿನ ಬಳೆ

"ಮತ್ತ, ಈಕಿ ಹಡಿಯೋದು ಎಲ್ಲಿ?" ಬಾಡಿಗೆ ಖೋಲಿಯ ಬೀಗ ತೆಗೆಯುತ್ತಿದ್ದ ಮನೆಯೊಡತಿ ಹೀರಾಬಾಯಿ ತಿರುಗಿ ಕೇಳಿದಳು.

"ತವರಮನಿಗಿ ಹೋಗ್ತಾಳ್ರಿ," ಎಂದ ಅಂಬರಾಯ. ಈ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹೆಂಡತಿ ಅಂಬುಬಾಯಿಯ ಅವ್ವ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪನ ಮುಖವನ್ನಂತೂ ಅವಳು ಕಂಡೇ ಇರಲಿಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದಿನಗೂಲಿಗೆ ಚೀಲ ಹೊರುವವನಿಗೆ ಕ್ವಾರ್ಟರ್ಸ್ ಯಾರು ಕೊಡಬೇಕು? ಕಾಕನ ಮಗ ದೇವಿಂದ್ರಪ್ಪನ ಪಡಸಾಲೆಯಲ್ಲಿ ಇಷ್ಟು ದಿನ ಕಾಲ ತಳ್ಳಿದ್ದಾಯಿತು. ಅವನ ಹೆಂಡತಿ ಬೆಳಿಗ್ಗೆ ಇವರ ಟ್ರಂಕನ್ನು ಅಂಗಳಕ್ಕಿಟ್ಟು ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಆಗಿನಿಂದ ಸ್ಟೇಷನ್ನಿನ ಹಿಂದಿನ ಓಣಿಗಳನ್ನೆಲ್ಲ ಸುತ್ತಿದ್ದರು. ಎಲ್ಲರೂ ಮೊದಲು ಅವಳ ಹೊಟ್ಟೆ ನೋಡುವರು, ಆಮೇಲೆ ಖೋಲಿ ಖಾಲಿ ಇಲ್ಲ ಎನ್ನುವರು. ಬಾಡಿಗೆಯವಳು ಹಡೆದರೆ ಮನೆಯೊಡೆಯರ ದೇವರಿಗೂ ಮೈಲಿಗೆಯಂತೆ. ಹೊತ್ತುಗೊತ್ತು ನೋಡದೆ ಬರುವ ಕೂಸಿಗೆ ಇದನ್ನೆಲ್ಲ ಯಾರು ತಿಳಿಹೇಳಬೇಕೋ.

ಖೋಲಿ ಸಣ್ಣದೇ. ಆದರೆ ನೆಲದ ಫರಸಿಕಲ್ಲು ತಣ್ಣಗಿತ್ತು, ಮೂಲೆಯಲ್ಲಿ ಒಲೆಯಿತ್ತು, ಒಳಗಿನಿಂದ ಹಾಕಿಕೊಳ್ಳಲು ಚಿಲಕವಿತ್ತು. ಅಂಬುಬಾಯಿ ಗೋಡೆಗೆ ಕೈಕೊಟ್ಟು ಕುಳಿತೇಬಿಟ್ಟಳು. ಹೀರಾಬಾಯಿಯ ಕಣ್ಣು ಅವಳ ಕೈಯ ಎರಡು ಹಳೆಯ ಕೆಂಪು ಬಳೆಗಳ ಮೇಲೆ ಬಿತ್ತು.

"ದಿನ ತುಂಬ್ಲಿಕತ್ತಾವ, ಹಸರ ಬಳಿ ಎಲ್ಲವ್ವಾ? ತವರಿನವ್ರು ಕುಬಸ ಮಾಡಿಲ್ಲೇನು?"

ಅಂಬರಾಯ ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಅಂಬುಬಾಯಿಯೇ ಹೇಳಿದಳು, "ಮಾಡ್ಲಾಕ ಯಾರೂ ಇಲ್ರಿ ಯಕ್ಕಾ. ಕಾಲು ಹಿಡೀತೀನಿ, ಹೊರಗ ಹಾಕಬ್ಯಾಡ್ರಿ."

ಹೀರಾಬಾಯಿಯ ಕಣ್ಣು ತುಂಬಿ ಬಂತು. ಓಣಿಯಲ್ಲಿ ಹೊರಟಿದ್ದ ಬಳೆಗಾರ್ತಿ ಸೈದಾನಬಿಯನ್ನು ಕರೆದು, ಹೊಸ್ತಿಲ ಹೊರಗೆ ಮಣೆ ಹಾಕಿಸಿ, ಹುಡುಗಿಯ ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದಳು. ಕುಂಕುಮ ಹಚ್ಚಿ ಉಡಿ ತುಂಬಿ, ತವರಿನವರು ಮಾಡಬೇಕಾದ ಸೀಮಂತದ ಶಾಸ್ತ್ರ ಮುಗಿಸಿದಳು. ಆಮೇಲೆ ಖೋಲಿಗೆ ಬೀಗ ಹಾಕಿದಳು.

"ನಮ್ಮ ದೇವರ ಜಗಲಿ ಮ್ಯಾಲ ಯಲ್ಲಮ್ಮ ಅದಾಳ. ಸಿಟ್ಟಾಗಬ್ಯಾಡವ್ವಾ," ಎಂದಳು.

ಅಂಬರಾಯನಿಗೆ ಆ ಬೀಗವನ್ನು ಕಲ್ಲಿನಿಂದ ಜಜ್ಜಬೇಕೆನಿಸಿತು. ಸುಮ್ಮನೆ ಟ್ರಂಕ್ ಹೊತ್ತುಕೊಂಡ. ಬಿಸಿಲು ಇಳಿಯುತ್ತಿತ್ತು.

ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಮಾಳಮ್ಮ ಎಂಬ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಹಿಂದಿನ ಖೋಲಿ ಖಾಲಿಯಿದೆ ಎಂದಳು. ಹೊಟ್ಟೆ ನೋಡಿ ಮುಖ ಗಂಟಿಕ್ಕಿದಳು. ಬಳೆ ನೋಡಿದ ಮೇಲೆ ಗಂಟು ಸಡಿಲಾಯಿತು.

"ಕುಬಸ ಆಗ್ಯಾದ. ಹಂಗಾರ ಹಡೀಲಾಕ ತವರಿಗಿ ಹೋಗ್ತಿ ಬಿಡು. ಬಳಿ ಭಾಳ ಚಂದ ಇಡಿಸ್ಯಾರ. ಯಾರು, ನಿಮ್ಮವ್ವ?"

ಅಂಬರಾಯ ಟ್ರಂಕನ್ನು ಕಟ್ಟೆಯ ಬದಿಗೆ ಇಳಿಸಿದ.

"ಹೌದ್ರಿ," ಎಂದಳು ಅಂಬುಬಾಯಿ. "ನಮ್ಮವ್ವ."

ಮಾಳಮ್ಮ ಕೀಲಿ ತರಲು ಒಳಗೆ ಹೋದಳು. ಅಂಬುಬಾಯಿ ಬಳೆ ಸದ್ದಾಗದಂತೆ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ಅತ್ತಳು.